ಊರುವ ಕಾಲು

ಸೈಕಲ್ ಶೂಗಳ ಕ್ಲೀಟ್ ಸವೆಯುವುದು ತುಳಿಯುವುದರಿಂದಲ್ಲ, ನಡೆಯುವುದರಿಂದ. ಈ ಒಂದು ಮಾತು ತಲೆಗೆ ಹೋದರೆ ಕೆಲಸ ಅರ್ಧ ಕಲಿತಂತೆ. ಉಳಿದರ್ಧ ಕಲಿಯಲು ನನಗೆ ಇಡೀ ಸರ್ವಿಸ್ ಹಿಡಿಯಿತು. ಕೊನೆಯ ಪಾಠ ಬಂದದ್ದಂತೂ ರಿಟೈರ್ ಆದ ಮೇಲೆ.

ಸ್ವೀಡನ್ನಿನ ಲುಂಡ್‌ಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ವಾರದ ಕೊನೆಯಲ್ಲಿ ಸೈಕಲ್ ವರ್ಕ್‌ಶಾಪ್‌ಗಳಿಗೆ ಕೆಲಸಕ್ಕೆ ಹೋಗುತ್ತಾರೆ. "ರಜಿಯಾ ಆಂಟಿ, ನಿಮ್ ಎಕ್ಸ್‌ಪೀರಿಯನ್ಸ್ ಸ್ವಲ್ಪ ಬರೆದುಕೊಡಿ. ವಿಡಿಯೋ ನೋಡಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಕನ್ಫ್ಯೂಸ್ ಆಗತ್ತೆ" ಎನ್ನುತ್ತಾರೆ. ವಿಡಿಯೋದಲ್ಲಿ ಇರುವುದನ್ನು ನಾನು ಬರೆಯುವುದಿಲ್ಲ. ಅಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಓದಲು ಪುರುಸೊತ್ತಿಲ್ಲದವರು ಮೇಲಿನ ಮೊದಲ ಸಾಲು ಓದಿ ಎದ್ದುಹೋದರೂ ನನ್ನ ತಕರಾರಿಲ್ಲ.

ಮೊದಲು ಹೆಸರಿನ ತಮಾಷೆ ಹೇಳಿಬಿಡುತ್ತೇನೆ. ಶೂ ಅಡಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಪ್ಲಾಸ್ಟಿಕ್ಕಿನದೋ ಲೋಹದ್ದೋ ಒಂದು ಸಣ್ಣ ತುಂಡು ಇರುತ್ತದಲ್ಲ, ಅದೇ ಕ್ಲೀಟ್. ಅದನ್ನು ಪೆಡಲಿನ ಬಾಯಿಗೆ ಇಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುವಿದರೆ ಬಿಡುತ್ತದೆ. ಇಷ್ಟು ಗಟ್ಟಿಯಾಗಿ ಕ್ಲಿಪ್ ಆಗುವ ಪೆಡಲಿಗೆ ಇಟ್ಟ ಹೆಸರು ಕ್ಲಿಪ್‌ಲೆಸ್! ಯಾಕೆಂದರೆ ಇದಕ್ಕೂ ಹಿಂದಿನ ಪೆಡಲಿನಲ್ಲಿ ಬೆರಳುಗಳನ್ನು ಹಿಡಿದಿಡುವ ಕಬ್ಬಿಣದ ಕ್ಲಿಪ್ಪೂ ಅದನ್ನು ಬಿಗಿಯುವ ಚರ್ಮದ ಪಟ್ಟಿಯೂ ಇದ್ದವು.

ನಾನು ಬೆಳೆದದ್ದು ಆ ಪಟ್ಟಿಯ ಕಾಲದಲ್ಲಿ, ವಿಜಯಪುರದಲ್ಲಿ. ಕಾಲೇಜಿನಲ್ಲಿದ್ದಾಗ ಜಿಲ್ಲೆಯ ಸೈಕ್ಲಿಂಗ್ ತಂಡದಲ್ಲಿ ನಾನೂ ಶೋಭಾಳೂ ಜೋಡಿ. ಸಿಂದಗಿ ರಸ್ತೆಯಲ್ಲಿ ಎದುರುಗಾಳಿ ಬಂದರೆ ಸ್ವಲ್ಪ ದೂರ ಅವಳು ಮುಂದೆ, ಸ್ವಲ್ಪ ದೂರ ನಾನು ಮುಂದೆ. ಹಿಂದಿದ್ದವಳಿಗೆ ಗಾಳಿಯಿಂದ ಬಿಡುವು. ರಸ್ತೆಯ ಎಡಕ್ಕೆ ಬಂದು ನಿಲ್ಲುವಾಗ ಇಬ್ಬರೂ ಬಗ್ಗಿ ಎಡಗಾಲಿನ ಪಟ್ಟಿ ಸಡಿಲಿಸಿ, ಒಟ್ಟಿಗೇ ಎಡಗಾಲು ಊರುತ್ತಿದ್ದೆವು. "ಏನ್ರೇ, ನಿಮ್ಮಿಬ್ಬರಿಗೂ ಸೇರಿ ಒಂದ ಎಡಗಾಲ ಐತೇನು?" ಎಂದು ಕೋಚ್ ಸರ್ ನಗುತ್ತಿದ್ದರು. ನನಗೆ ಮದುವೆಯಾಗಿ ಬೆಂಗಳೂರಿಗೆ, ಅಲ್ಲಿಂದ ನನ್ನವರಾದ ಅನ್ವರ್ ಜೊತೆ ಸ್ವೀಡನ್ನಿಗೆ ಹೊರಟಾಗ, ವಿಜಯಪುರದಲ್ಲೇ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದ ಶೋಭಾ ಬಸ್‌ಸ್ಟ್ಯಾಂಡಿಗೆ ಬಂದು ಹೇಳಿದ್ದಿಷ್ಟು: "ಹೋಗು. ಆದ್ರ ಎಡಗಾಲ ನಂದು, ನೆನಪಿರಲಿ."

ಅಂದಿನಿಂದ ನನಗಿದ್ದದ್ದು ಒಂದೇ ಆಸೆ. ಶೋಭಾಳ ಪಕ್ಕದಲ್ಲಿ ಇನ್ನೊಮ್ಮೆ ಸೈಕಲ್ ತುಳಿಯಬೇಕು. ನಾನು ಊರಿಗೆ ಹೋದಾಗಲೆಲ್ಲ ಮದುವೆ, ಆಸ್ಪತ್ರೆ, ನೆಂಟರು ಎಂದು ದಿನ ಮುಗಿಯುತ್ತಿತ್ತು. ಶೋಭಾ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು, ಅಷ್ಟೇ. ಅವಳು ಇಲ್ಲಿಗೆ ಬರಬೇಕೆಂದರೆ ಒಮ್ಮೆ ಪರೀಕ್ಷೆ ಡ್ಯೂಟಿ, ಒಮ್ಮೆ ತಾಯಿಯ ಕಾಯಿಲೆ, ಆಮೇಲೆ ಕೊರೊನಾ. ಫೋನಿನಲ್ಲಿ ಮಾತ್ರ ಕೇಳುತ್ತಿದ್ದಳು: "ಎಡಗಾಲ ಹೆಂಗೈತಿ?" ನಾನು "ನಿಂದ ಐತಿ, ಹಂಗ ಐತಿ" ಎನ್ನುತ್ತಿದ್ದೆ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ.

ಅನ್ವರ್ ಟೆಲಿಕಾಂ ಎಂಜಿನಿಯರ್. ಅವರಿಗೆ ಬಂದ ದಿನದಿಂದ ಆಫೀಸಿತ್ತು. ನನಗೆ ಮಗಳು ದಾಗಿಸ್‌ಗೆ ಹೋದ ಮೇಲೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋದ ಮೇಲೆ, ಸಂಜೆಯ ತನಕ ಕಿಟಕಿಯೇ ಗತಿ. ಮನೆಯಲ್ಲಿ ನಮ್ಮದು ಉರ್ದು, ಬೀದಿಯಲ್ಲಿ ಸ್ವೀಡಿಷ್. ಕನ್ನಡ ಮಾತಾಡಬೇಕೆಂದರೆ ವಾರಕ್ಕೊಮ್ಮೆ ಶೋಭಾಳ ಫೋನು. ಕಿಟಕಿಯ ಕೆಳಗೆ ಇಡೀ ಊರು ಸೈಕಲ್ ಮೇಲೆ ಹೋಗುವುದನ್ನು ನೋಡಿ ನೋಡಿ ತಡೆಯದೆ, ಒಂದು ದಿನ ಸ್ಟೇಷನ್ ಹಿಂದಿನ ವರ್ಕ್‌ಶಾಪ್‌ಗೆ ಹೋಗಿ ಹರಕುಮುರುಕು ಸ್ವೀಡಿಷ್‌ನಲ್ಲಿ ಕೆಲಸ ಕೇಳಿದೆ. ಯಜಮಾನರಾದ ಲೆನಾರ್ಟ್ ಏನೂ ವಿಚಾರಿಸದೆ ಡೊಂಕಾದ ಒಂದು ಚಕ್ರವನ್ನು ಕೈಗಿತ್ತರು. ಕಡ್ಡಿಗಳನ್ನು ಬಿಗಿದು ಸಡಿಲಿಸಿ ನೇರ ಮಾಡಿಕೊಟ್ಟೆ. ತಿರುಗಿಸಿ ನೋಡಿ, "ಸೋಮವಾರ ಬಾ" ಎಂದರು.

ಇಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಯಜಮಾನರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಏಳಲಿಲ್ಲ. ಮೊದಲ ವರ್ಷವೆಲ್ಲ ಅವರನ್ನು ಕರೆಯಬೇಕಾದಾಗ ಹತ್ತಿರ ಹೋಗಿ ಕೆಮ್ಮುತ್ತಿದ್ದೆ. ಅವರು ನನಗೆ ಆಸ್ತಮಾ ಇದೆ ಎಂದು ತಿಳಿದು ಬೆಂಚಿನ ಹತ್ತಿರ ಫ್ಯಾನ್ ಹಾಕಿಸಿದರು.

ಕ್ಲೀಟ್ ಕೆಲಸ ಕಲಿಸಿದವರು ಅವರೇ. ಹಳೆಯದನ್ನು ಬಿಚ್ಚುವ ಮುಂಚೆ ಅದರ ಸುತ್ತ ಗೆರೆ ಎಳೆಯಬೇಕು, ಹೊಸದು ಅದೇ ಗೆರೆಯೊಳಗೆ ಕೂರಬೇಕು. ಚೂರು ಆಚೀಚೆಯಾದರೂ ಮೊಣಕಾಲು ಹಿಡಿದುಕೊಳ್ಳುತ್ತದೆ. ಸ್ಕ್ರೂಗೆ ಗ್ರೀಸ್ ಹಚ್ಚದಿದ್ದರೆ ಮುಂದಿನ ಸಲ ಅದು ಬರುವುದೇ ಇಲ್ಲ, ಡ್ರಿಲ್ ಹಾಕಿಯೇ ತೆಗೆಯಬೇಕು. ಈಗ ಕಾಲಿಗೆ ಚುಕ್ಕಿ ಅಂಟಿಸಿ, ಕ್ಯಾಮೆರಾ ಇಟ್ಟು, ಕಂಪ್ಯೂಟರಿನಲ್ಲಿ ಕೋನ ನೋಡುತ್ತಾರೆ. ಒಳ್ಳೆಯದೇ. ಆದರೆ ಗೆರೆ ಎಳೆಯುವುದನ್ನು ಬಿಡಬೇಡಿ.

ಅವರದೊಂದು ಕಟ್ಟಪ್ಪಣೆಯಿತ್ತು. ವರ್ಕ್‌ಶಾಪಿನಲ್ಲಿ ಯಾರೂ ತಮ್ಮ ಕ್ಲೀಟನ್ನು ತಾವೇ ಕೂರಿಸಿಕೊಳ್ಳಬಾರದು, ಶೂ ತಂದು ಶೆಲ್ಫಿನ ಮೇಲಿಟ್ಟರೆ ಪಕ್ಕದವರು ಮಾಡಿಕೊಡಬೇಕು. "ನಮ್ಮ ಕಾಲಿನ ಸೊಟ್ಟ ನಮಗೆ ನೆಟ್ಟಗೇ ಕಾಣುತ್ತದೆ" ಎನ್ನುತ್ತಿದ್ದರು. ನನಗೆ ಇದು ಅತಿಯಾಯಿತು ಅನ್ನಿಸುತ್ತಿತ್ತು.

ಸವೆತ ಓದುವುದನ್ನೂ ಅಲ್ಲೇ ಕಲಿತೆ. ಪೇಟೆಯಲ್ಲಿ ಓಡಾಡುವವರ ಎರಡೂ ಕ್ಲೀಟ್ ಒಂದೇ ಸಮ ಸವೆಯುವುದಿಲ್ಲ. ಸಿಗ್ನಲ್‌ನಲ್ಲಿ ಯಾವ ಕಾಲನ್ನು ನೆಲಕ್ಕೆ ಊರುತ್ತಾರೋ ಅದು ಮೊದಲು ಸವೆಯುತ್ತದೆ. ಇನ್ನೊಂದು ಕಾಲು ಪೆಡಲಿನಲ್ಲೇ ಕಚ್ಚಿಕೊಂಡಿರುತ್ತದೆ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ ಫುಟ್‌ಪಾತ್ ಬಲಕ್ಕಿರುತ್ತದೆ, ಜನ ಬಲಗಾಲು ಊರುತ್ತಾರೆ. ಹಾಗಾಗಿ ಬೆಂಚಿಗೆ ಬರುವ ಶೂಗಳಲ್ಲಿ ಬಲಗಡೆಯದು ಬೋಳು, ಎಡಗಡೆಯದು ಹೊಸದರಂತೆ. ನನ್ನದೊಂದೇ ಉಲ್ಟಾ. ಎಷ್ಟು ದಿನವಾದರೂ ನನ್ನ ಎಡಗಾಲೇ ಮುಂದಾಗುತ್ತಿತ್ತು. ಕಾರುಗಳ ಕಡೆಗೆ ವಾಲಿ ನಿಲ್ಲುತ್ತಿದ್ದೆ. ಅನ್ವರ್ ಬೈಯುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ.

ಮೊದಲ ವಸಂತದಲ್ಲಿ ಒಂದು ಬೆಳಿಗ್ಗೆ ಶೆಲ್ಫಿನ ಮೇಲೆ ಒಂದು ಜೊತೆ ಗಂಡಸಿನ ಶೂ ಇತ್ತು. ಹೆಸರಿನ ಚೀಟಿ ಇಲ್ಲ. ತಿರುವಿ ನೋಡಿದರೆ ಎಡಗಡೆಯ ಕ್ಲೀಟ್ ಪೂರ್ತಿ ಸವೆದು ತುದಿ ಮುರಿದಿದೆ, ಬಲಗಡೆಯದು ಹಾಗೇ ಇದೆ. ಯಾರೋ ನಮ್ಮವರು ಈ ಊರಿಗೆ ಬಂದಿದ್ದಾರೆ! ಎಡಬದಿಯ ದೇಶಗಳು ಪ್ರಪಂಚದಲ್ಲಿ ಎಷ್ಟೋ ಇವೆ ಎಂಬುದು ಆಗ ತಲೆಗೇ ಬರಲಿಲ್ಲ. ಭಾರತ ಅಂತಲೂ ಅಂದುಕೊಳ್ಳಲಿಲ್ಲ, ಕನ್ನಡದವರು ಎಂದೇ ತೀರ್ಮಾನ ಮಾಡಿಬಿಟ್ಟೆ. ಮಾತಿಗೆ ಅಷ್ಟು ಹಸಿದಿದ್ದೆ. ಹೊಸ ಕ್ಲೀಟ್ ಕೂರಿಸಿ, ಎಡಗಡೆಯ ಶೂ ಒಳಗೆ ಕನ್ನಡದಲ್ಲಿ ಒಂದು ಚೀಟಿ ಬರೆದಿಟ್ಟೆ: "ನೀವು ಯಾವ ಊರಿನವರು? ಮನೆಯವರನ್ನು ಕರೆದುಕೊಂಡು ಊಟಕ್ಕೆ ಬನ್ನಿ. ರೊಟ್ಟಿ ಮಾಡುತ್ತೇನೆ."

ಮಧ್ಯಾಹ್ನ ಫೀಕಾ ಹೊತ್ತಿಗೆ, ಅಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿಗೆ, ಲೆನಾರ್ಟ್ ಚೀಟಿ ಹಿಡಿದು ಬಂದರು. "ನನ್ನ ಶೂ ಒಳಗೆ ಈ ದುಂಡು ದುಂಡು ಚಿತ್ರ ಯಾಕೆ ಬರೆದಿಟ್ಟಿದ್ದೀಯ?"

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಡವರಿಸುತ್ತ ವಿಷಯ ಹೇಳಿದೆ. ಅವರು ನಗದೆ ಕಪ್ಪಿಗೆ ಕಾಫಿ ಸುರಿದುಕೊಂಡು ಕೂತರು. ಆಮೇಲೆ ಹೇಳಿದರು: "ನಾನು ಸೈಕಲ್ ಕಲಿತಾಗ ಸ್ವೀಡನ್ನಿನಲ್ಲೂ ಎಡಗಡೆಯೇ ಹೋಗಬೇಕಿತ್ತು. ಅಪ್ಪ ಎಡಗಾಲು ಊರುವುದು ಕಲಿಸಿದ. ನಾನು ದೊಡ್ಡವನಾದ ಮೇಲೆ ಸರ್ಕಾರ ಒಂದೇ ದಿನದಲ್ಲಿ ಇಡೀ ದೇಶವನ್ನು ಬಲಕ್ಕೆ ತಂದಿತು. ಕಾರು ಬಂತು, ಬಸ್ಸು ಬಂತು, ನನ್ನ ಕಾಲು ಬರಲಿಲ್ಲ." ಕಪ್ ಕೆಳಗಿಟ್ಟು, "ರೊಟ್ಟಿ ಎಂದರೆ ಏನು?" ಎಂದು ಕೇಳಿದರು.

ಆ ಭಾನುವಾರ ಲೆನಾರ್ಟ್ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ತಿಂದರು. ಹಿಟ್ಟು ಊರಿಂದ ತಂದದ್ದು, ಮುಗ್ಗಲು ಹಿಡಿದಿತ್ತು. ಅವರಿಗೆ ಗೊತ್ತಾಗಲಿಲ್ಲ. ಅಂದಿನಿಂದ ಅವರ ಕ್ಲೀಟ್ ನನ್ನ ಪಾಲಿಗೆ, ನನ್ನದು ಅವರ ಪಾಲಿಗೆ ಎಂದಾಯಿತು. ಅವರು ಅಂಗಡಿ ಬೇರೆಯವರಿಗೆ ಬಿಟ್ಟು ಲೊಮ್ಮಾದ ಕಡಲ ತೀರದಲ್ಲಿ ಮನೆ ಮಾಡಿದ ಮೇಲೂ ವಸಂತಕ್ಕೊಮ್ಮೆ ಬಂದು ನನ್ನ ಶೂ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಹಳೆಯ ಕ್ಲೀಟ್ ಅಲ್ಲೇ ಡಬ್ಬಿಗೆ ಎಸೆದು, ಹೊಸದು ಹಾಕಿದ ಶೂ ತಂದಿಡುತ್ತಿದ್ದರು. "ನನ್ನ ಎಡಗಾಲು ಹೇಗಿದೆ?" ಎಂದು ನಾನು ಕೇಳುತ್ತಿದ್ದೆ. "ಇದೆ" ಎನ್ನುತ್ತಿದ್ದರು.

ಎಡವಟ್ಟುಗಳು ಬೇಕಾದಷ್ಟಾಗಿವೆ. ಒಂದನ್ನು ಹೇಳಲೇಬೇಕು. ಒಮ್ಮೆ ಒಬ್ಬ ಡಾಕ್ಟರ ಶೂಗೆ ನಾನು ಕ್ಲೀಟ್ ಹಾಕಿಕೊಟ್ಟೆ. ಒಂದು ಸ್ಕ್ರೂ ಪೂರ್ತಿ ಬಿಗಿದಿರಲಿಲ್ಲ. ಅದು ದಾರಿಯಲ್ಲಿ ಬಿದ್ದುಹೋಯಿತು. ಸ್ಕ್ರೂ ಇಲ್ಲದಿದ್ದರೆ ಶೂ ತಿರುವಿದಂತೆ ಕ್ಲೀಟ್ ನಿಂತಲ್ಲೇ ಗಿರಗಿರ ತಿರುಗುತ್ತದೆ, ಪೆಡಲ್ ಬಿಡುವುದೇ ಇಲ್ಲ. ಪಾಪ, ಅವರು ಆಸ್ಪತ್ರೆಯ ಮುಂದೆಯೇ ಸೈಕಲ್ ಸಮೇತ ಮಗುಚಿಬಿದ್ದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕೊನೆಗೆ ಶೂ ಒಳಗಿಂದ ಕಾಲೆಳೆದುಕೊಂಡು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್, ಪೆಡಲಿನಲ್ಲಿ ನೇತಾಡುವ ಶೂ ಸಮೇತ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದರು. ನಾನು ಹೆದರಿ ಬೆಂಚಿನ ಹಿಂದೆ ಸರಿದೆ. ಲೆನಾರ್ಟ್ ಮೊದಲು ಕಾಫಿ ಕೊಟ್ಟು ಕೂರಿಸಿದರು, ದಾಲ್ಚಿನ್ನಿ ಬನ್ ಕೊಟ್ಟರು, ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ "ಈ ಸ್ಕ್ರೂ ನಮ್ಮದು, ತಪ್ಪು ನಮ್ಮದು" ಎಂದರು. ರಜಿಯಾಳದು ಎನ್ನಲಿಲ್ಲ. ಡಾಕ್ಟರು ನಮ್ಮ ಗಿರಾಕಿಯಾಗಿಯೇ ಉಳಿದರು. ಮೇಲಿನವರು ಹೀಗಿದ್ದರೆ ಕೆಲಸ ಕಲಿಯಬಹುದು. ಹೀಗಿಲ್ಲದ ಕಡೆ ನೀವು ಸೇರಿದ್ದರೆ ಬೇರೆ ವರ್ಕ್‌ಶಾಪ್ ನೋಡಿಕೊಳ್ಳಿ.

ಆಮೇಲಾಮೇಲೆ ನಮ್ಮ ಕಡೆಯವರು ನಿಜವಾಗಿಯೂ ಬರತೊಡಗಿದರು. ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಲುಂಡ್‌ಗೆ ಬಂದಿದ್ದ ಮಂಜುನಾಥ್ ಎಂಬವರು ಒಂದು ದಿನ ಶೂ ತಂದು ಬೆಂಚಿನ ಮೇಲಿಟ್ಟರು. "ಮೇಡಂ, ಈ ಕ್ಲೀಟ್ ಡಿಫೆಕ್ಟಿವ್ ಇರ್ಬೇಕು. ಒಂದ್ ಸೀಸನ್ ಕೂಡ ಬರ್ಲಿಲ್ಲ, ಮುಂದೆ ಕ್ರ್ಯಾಕ್ ಆಗಿದೆ ನೋಡಿ. ಅದೂ ಲೆಫ್ಟ್ ಮಾತ್ರ!"

"ಆಫೀಸಿಗೆ ಇದನ್ನ ಹಾಕ್ಕೊಂಡೇ ನಡೀತೀರಾ?"

"ಹೂಂ, ಪಾರ್ಕಿಂಗ್‌ನಿಂದ ಕಲ್ಲು ಹಾಸಿನ ಮೇಲೆ ಒಂದೈದು ನಿಮಿಷ ಅಷ್ಟೇ."

"ಸಿಗ್ನಲ್‌ನಲ್ಲಿ ಯಾವ ಕಾಲು ಕೆಳಗಿಡ್ತೀರಿ?"

"ಲೆಫ್ಟೇ. ಎಲ್ರೂ ಅದೇ ಅಲ್ವಾ?"

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಶೂ ಕೆಳಗೆ ಹಾಕಿಕೊಳ್ಳುವ ರಬ್ಬರ್ ಟೊಪ್ಪಿಗೆ ಕೊಟ್ಟೆ. ನಡೆಯುವಾಗ ಕ್ಲೀಟ್ ಉಳಿಯುತ್ತದೆ. ಇನ್ನೊಂದನ್ನೂ ಹೇಳಿಕೊಟ್ಟೆ. ತುದಿ ಬಿರುಕು ಬಿಟ್ಟ ಕ್ಲೀಟನ್ನು ಇನ್ನೊಂದು ವಾರ ಓಡಿಸೋಣ ಎಂದು ಇಟ್ಟುಕೊಳ್ಳಬಾರದು. ನಿಂತು ಜೋರಾಗಿ ತುಳಿಯುವಾಗ ಅದು ಕಿತ್ತುಬಂದರೆ ಮುಖ ಹ್ಯಾಂಡಲಿಗೆ ಬಡಿಯುತ್ತದೆ. ಅವರ ಜೊತೆ ನಾನೂ 'ಇದೆ', 'ಇಲ್ಲ', 'ಮಾಡ್ತೀನಿ' ಎಂದೇ ಮಾತಾಡಿದೆ. ನನ್ನ 'ಐತಿ'ಯನ್ನು ಇಲ್ಲಿನ ಕನ್ನಡದವರ ನಡುವೆ ನುಂಗಿಕೊಳ್ಳುವುದು ಯಾವಾಗಲೋ ರೂಢಿಯಾಗಿತ್ತು. ಎಡಗಾಲಾದರೂ ಉಳಿದಿದೆಯಲ್ಲ ಎಂದು ಆ ದಿನ ಸಮಾಧಾನಪಟ್ಟುಕೊಂಡೆ.

ಕಳೆದ ವಸಂತದಲ್ಲಿ, ಇಬ್ಬರೂ ರಿಟೈರ್ ಆದ ಮೇಲೆ, ಶೋಭಾ ಕಡೆಗೂ ಬಂದಳು. ಟ್ರ್ಯಾಕ್‌ಸೂಟ್ ಹಾಕಿಕೊಂಡು ವಿಮಾನ ಇಳಿದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಮೊಣಕಾಲು ಮೊದಲಿನಂತಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. "ಇನ್ನೊಂದ ಸಲ ಬರ್ತೀನೋ ಇಲ್ಲೋ. ಅದಕ್ಕ ಶೂ ತಂದೀನಿ" ಎಂದು ಸೂಟ್‌ಕೇಸಿನಿಂದ ತೆಗೆದುಕೊಟ್ಟಳು. ಶಾಲೆಯ ಮಕ್ಕಳಿಗೆ ಕಲಿಸುತ್ತ ತಾನೂ ಕ್ಲಿಪ್‌ಲೆಸ್ಸಿಗೆ ಬದಲಾಗಿದ್ದಳು. ತಿರುವಿ ನೋಡಿದೆ. ಎಡಗಡೆಯ ಕ್ಲೀಟ್ ಚಕ್ಕೆಯಂತಾಗಿತ್ತು. ಸ್ಕ್ರೂ ತಲೆಯ ತೂತಿನಲ್ಲಿ ನಮ್ಮೂರಿನ ಕಪ್ಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಅಂಥ ಮಣ್ಣು ಕೆದಕಿ ತೆಗೆದೇ ಜನ್ಮ ಕಳೆದವಳು ನಾನು. ಆ ದಿನ ಕೈ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ಮೂಸಿಕೊಂಡು ಕೂತಿದ್ದೆ. ಶೋಭಾ ನೋಡಿ, "ತಿಂತೀಯೇನಬೇ?" ಎಂದಳು.

ಮರುದಿನ ಬೆಳಿಗ್ಗೆ ಅವಳಿಗೆ ನನ್ನ ಇನ್ನೊಂದು ಸೈಕಲ್ ಕೊಟ್ಟು ಲೊಮ್ಮಾಗೆ ಹೊರಟೆವು, ಲೆನಾರ್ಟ್ ಮನೆಗೆ. ಬಯಲು ಸೀಮೆ, ಕಡಲಿನಿಂದ ಬರುವ ಎದುರುಗಾಳಿ, ಎರಡೂ ಕಡೆ ಹಳದಿ ಹೂವಿನ ಹೊಲ. ಶೋಭಾ ಮುಂದೆ ಬಂದು ನನಗೆ ಗಾಳಿ ತಡೆದಳು. ಸ್ವಲ್ಪ ದೂರಕ್ಕೆ ನಾನು ಮುಂದೆ ಹೋದೆ. ಯಾರೂ ಹೇಳಿಕೊಡಬೇಕಾಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದೆ.

ದಾರಿಯಲ್ಲಿ ದೊಡ್ಡ ರಸ್ತೆ ದಾಟುವ ಕಡೆ ಕೆಂಪು ದೀಪ ಬಿತ್ತು. ಅಕ್ಕಪಕ್ಕ ನಿಂತೆವು, ಅವಳು ನನ್ನ ಬಲಕ್ಕೆ. ಟಕ್, ಟಕ್. ಶೋಭಾ ಕೆಳಗೆ ನೋಡಿದಳು.

"ರಜಿಯಾ, ಅದು ಯಾವ ಕಾಲಬೇ?"

ನೋಡಿದೆ. ನನ್ನ ಬಲಗಾಲು ನೆಲದ ಮೇಲಿತ್ತು.

"ಇವತ್ತೇನೋ ಹಂಗಾತು" ಎಂದೆ. ಮುಂದಿನ ದೀಪದಲ್ಲೂ ಬಲಗಾಲೇ ಇಳಿಯಿತು. ಶೋಭಾ ನಕ್ಕಳು. ನನಗೆ ನಗು ಬರಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತು ಶೂ ಬಿಚ್ಚಿ ತಿರುವಿದೆ. ಬಲಗಡೆಯದು ಬೋಳು. ಎಡಗಡೆಯ ಕ್ಲೀಟಿನ ಅಂಚು ಕೂಡ ಮುಕ್ಕಾಗಿರಲಿಲ್ಲ. ಊರವರ ಶೂ ಎಲ್ಲ ತಿರುವಿ ನೋಡಿದವಳು ನನ್ನದನ್ನು ನೋಡಿಕೊಂಡಿರಲಿಲ್ಲ. ನೋಡುವ ಕೆಲಸ ಲೆನಾರ್ಟ್ ಅವರದಾಗಿತ್ತು.

ಲೆನಾರ್ಟ್ ಈಗ ಕೋಲು ಹಿಡಿದು ನಡೆಯುತ್ತಾರೆ. ಬಾಗಿಲಲ್ಲೇ ಶೂ ಮುಂದೆ ಹಿಡಿದೆ. "ಇದು ಯಾವಾಗಿನಿಂದ?"

ಅವರು ನೋಡಿ ತಲೆ ತಗ್ಗಿಸಿದರು. "ಬಹಳ ವರ್ಷವಾಯಿತು. ಯಾವ ವರ್ಷ ಎಂದು ನನಗೂ ಗೊತ್ತಿಲ್ಲ. ಒಂದು ವಸಂತದಲ್ಲಿ ಎರಡೂ ಸಮವಾಗಿ ಸವೆದಿದ್ದವು. ಆಮೇಲೆ ಬಲಗಡೆಯದೇ."

"ಹೇಳಬಾರದಿತ್ತೇ?"

"ಪ್ರತಿ ಸಲ ನೀನು ಎಡಗಾಲು ಹೇಗಿದೆ ಎಂದು ಅಷ್ಟು ಖುಷಿಯಿಂದ ಕೇಳುತ್ತಿದ್ದೆ. ನಾನು ಇದೆ ಎಂದೆ. ಕಾಲಂತೂ ಇತ್ತಲ್ಲ."

ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ನನ್ನಿಂದ ಊರು ಹೋಗಿತ್ತು. ಹೋಗುವಾಗ ಹೇಳಿಹೋಗಲಿಲ್ಲ. ದೂರದ ಊರಿಗಾಗಿ ಅತ್ತಿದ್ದೇನೆ, ಸತ್ತವರಿಗಾಗಿ ಅತ್ತಿದ್ದೇನೆ. ನನ್ನದೇ ಕಾಲಿಗಾಗಿ ಅತ್ತದ್ದು ಅಂದೇ ಮೊದಲು. ಲೆನಾರ್ಟ್ ಕಾಫಿ ಇಟ್ಟರು, ಬನ್ ಇಟ್ಟರು, ಹವಾಮಾನದ ಮಾತು ತೆಗೆದರು. ಶೋಭಾಳಿಗೆ ಒಂದಕ್ಷರ ಸ್ವೀಡಿಷ್ ಬಾರದು, ಆದರೂ ತಲೆ ಆಡಿಸುತ್ತ ಕೂತಿದ್ದಳು.

ವಾಪಸ್ ಬರುವಾಗ ನಾನು ಹಟಕ್ಕೆ ಬಿದ್ದೆ. ದೀಪದ ಬಳಿ ಬಲಗಾಲನ್ನು ಪೆಡಲಿನಲ್ಲೇ ಬಿಗಿಹಿಡಿದು ಎಡಗಾಲನ್ನು ಬಿಡಿಸಲು ಹೋದೆ. ಸವೆಯದ ಕ್ಲೀಟ್, ರೂಢಿ ತಪ್ಪಿದ ಹಿಮ್ಮಡಿ. ಬಿಡಲಿಲ್ಲ. ಸೈಕಲ್ ಎಡಕ್ಕೆ, ಕಾರುಗಳ ಕಡೆಗೆ ವಾಲಿತು. ಶೋಭಾ ಕೈಚಾಚಿ ನನ್ನ ಜಾಕೆಟ್ ಹಿಡಿದು ತನ್ನ ಕಡೆಗೆ ಎಳೆದಳು.

"ಸಾಯ್ತೀಯೇನು? ಬಲಗಾಲ ಇಡು!"

ಬಲಗಾಲು ಊರಿದೆ. "ನಾ ನಿನಗ ಅಷ್ಟು ವರ್ಷ ಸುಳ್ಳ ಹೇಳಿದೆ, ಶೋಭಾ. ಎಡಗಾಲ ನಿಂದ ಐತಿ ಅಂತ."

"ಹುಚ್ಚಿ! ಕೆಳಗ ನೋಡು."

ನೋಡಿದೆ. ನನ್ನ ಬಲಕ್ಕೆ ಅವಳು. ಅವಳದು ಎಡಗಾಲು, ನನ್ನದು ಬಲಗಾಲು. ಎರಡು ಸೈಕಲ್‌ಗಳ ನಡುವಿನ ಒಂದು ಮೊಳ ಜಾಗದಲ್ಲಿ ಎರಡು ಶೂ ಒಬ್ಬಳದೇ ಜೋಡಿಯಂತೆ ಪಕ್ಕ ಪಕ್ಕ ಕೂತಿದ್ದವು.

"ಆಗ ಇಬ್ಬರಿಗೂ ಸೇರಿ ಒಂದ ಎಡಗಾಲಿತ್ತು. ಈಗ ಒಂದು ಜೋಡಿ ಆತು. ಲುಕ್ಸಾನ್ ಏನಾತು?" ಎಂದಳು. ದೀಪ ಹಸಿರಾದರೂ ಇಬ್ಬರೂ ಹೊರಡಲಿಲ್ಲ.

ಅವಳು ಹೋದ ಮೇಲೆ ನಾನು ಕ್ಲೀಟ್ ಬದಲಿಸಿಲ್ಲ. ಬದಲಿಸಬೇಕು, ತುದಿಯಲ್ಲಿ ಬಿರುಕು ಬಂದಿದೆ. ನಿಮಗೆ ಹೇಳಿದ್ದನ್ನು ನಾನೇ ಮಾಡುತ್ತಿಲ್ಲ. ಮುಂದಿನ ವಾರ ಲೆನಾರ್ಟ್ ಹತ್ತಿರ ಒಯ್ಯುತ್ತೇನೆ. ಅವರ ಕೈ ನಡುಗುತ್ತದೆ, ಆದರೂ ಗೆರೆ ಎಳೆಯುವುದು ಅವರೇ.

ನೀವು ಲುಂಡ್‌ನ ರಸ್ತೆಯಲ್ಲಿ ನನ್ನನ್ನು ನೋಡಿರಬಹುದು. ಕೆಂಪು ದೀಪದಲ್ಲಿ ಬಲಗಡೆಗೆ ಇನ್ನೊಂದು ಸೈಕಲ್ ನಿಲ್ಲುವಷ್ಟು ಜಾಗ ಬಿಟ್ಟು, ಆ ಜಾಗದೊಳಗೆ ಬಲಗಾಲು ಊರಿ ನಿಂತಿರುತ್ತೇನೆ. ದಾರಿಗೆ ಅಡ್ಡ ಎಂದು ಹಿಂದಿನವರು ಬೆಲ್ ಮಾಡುತ್ತಾರೆ. ಮಾಡಲಿ.